ಅಳಿಸಲು ಒಪ್ಪದ ಫೈಲ್‌ಗಳು: ಯಾವ ತಡೆಗೆ ಯಾವ ದಾರಿ

ಕಾಫಿ ತೋಟದ ಕಚೇರಿಯಲ್ಲಾಗಲಿ, ಹೋಂಸ್ಟೇ ನಡೆಸುವವರ ಮನೆಯಲ್ಲಾಗಲಿ, ವಿರಾಜಪೇಟೆಯ ಡಿಟಿಪಿ ಅಂಗಡಿಯಲ್ಲಾಗಲಿ, ವಿಂಡೋಸ್ ಕಂಪ್ಯೂಟರ್ ಬಳಸುವವರಿಗೆ ಈ ತೊಂದರೆ ಹೊಸದಲ್ಲ. ಬೇಡವಾದ ಒಂದು ಫೈಲನ್ನು ಆರಿಸಿ ಡಿಲೀಟ್ ಒತ್ತಿದರೆ ಅದು ಹೋಗುವ ಬದಲು ಒಂದು ಸಂದೇಶದ ಪೆಟ್ಟಿಗೆ ಎದ್ದು ಬರುತ್ತದೆ. ‘ಟ್ರೈ ಅಗೇನ್’ ಎಂಬುದನ್ನು ಎಷ್ಟು ಸಲ ಒತ್ತಿದರೂ ಅದೇ ಪೆಟ್ಟಿಗೆ ಮರಳಿ ಬರುತ್ತದೆ. ಆಗ ಹೆಚ್ಚಿನವರು ಫೈಲನ್ನು ಬಲವಂತವಾಗಿ ಅಳಿಸುವ ಯಾವುದಾದರೊಂದು ತಂತ್ರಾಂಶವನ್ನು ಹುಡುಕಿ ಇಳಿಸಿಕೊಳ್ಳುತ್ತಾರೆ. ಈ ಕ್ರಮ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಫೈಲ್ ಅಳಿಯದಿರುವುದಕ್ಕೆ ಕಾರಣಗಳು ಹಲವು. ಒಂದು ಕಾರಣಕ್ಕೆ ಹೊಂದುವ ಸಾಧನ ಇನ್ನೊಂದಕ್ಕೆ ನಿಷ್ಪ್ರಯೋಜಕ, ಕೆಲವೊಮ್ಮೆ ಹಾನಿಕರ. ಆದ್ದರಿಂದ ಯಾವ ಸಾಧನಕ್ಕೆ ಹೆಚ್ಚು ಬಲವಿದೆ ಎಂದು ನೋಡುವ ಬದಲು, ತಡೆ ಯಾವ ಬಗೆಯದು, ಅದನ್ನು ಬಿಡಿಸಲು ಎಲ್ಲಕ್ಕಿಂತ ಕಡಿಮೆ ಅಪಾಯದ ದಾರಿ ಯಾವುದು ಎಂದು ನೋಡಬೇಕು.

ಕೊಡಗಿನಲ್ಲಿ ಈ ಹೋಲಿಕೆಗೆ ಇನ್ನೆರಡು ವಿಷಯಗಳು ಸೇರುತ್ತವೆ. ಪೇಟೆಯಿಂದ ದೂರದ ತೋಟಗಳಲ್ಲಿ ಇಂಟರ್ನೆಟ್ ವೇಗ ಕಡಿಮೆ, ಆದ್ದರಿಂದ ಕೆಲವು ಎಂಬಿಯ ಸಾಧನಕ್ಕೂ ಕೆಲವು ಜಿಬಿಯ ಸಾಧನಕ್ಕೂ ನಡುವಿನ ಅಂತರ ಇಲ್ಲಿ ದೊಡ್ಡದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಕರೆಂಟ್ ಯಾವಾಗ ಬರುವುದೆಂದು ಹೇಳಲಾಗದು, ಆದ್ದರಿಂದ ಗಂಟೆಗಟ್ಟಲೆ ನಡೆಯುವ, ನಡುವೆ ನಿಂತರೆ ಕೆಡುಕಾಗುವ ಕೆಲಸಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯೋಚಿಸಿಯೇ ಕೈಗೆತ್ತಿಕೊಳ್ಳಬೇಕು.

ಮೊದಲ ಕೆಲಸ: ಸಂದೇಶವನ್ನು ಪೂರ್ತಿ ಓದುವುದು

ಪೆಟ್ಟಿಗೆಯಲ್ಲಿರುವ ಇಂಗ್ಲಿಷ್ ವಾಕ್ಯವನ್ನು ಓದದೆ ಮುಚ್ಚಿಬಿಡುವುದು ಎಲ್ಲರ ರೂಢಿ. ಆದರೆ ಕಾರಣದ ಸುಳಿವು ಬಹುತೇಕ ಅಲ್ಲಿಯೇ ಇರುತ್ತದೆ. ಫೈಲ್ ಇಂಥ ತಂತ್ರಾಂಶದಲ್ಲಿ ತೆರೆದಿದೆ ಎಂದಿದ್ದರೆ ಅದು ಬಳಕೆಯ ತಡೆ. ಇಂಥವರ ಅನುಮತಿ ಬೇಕು ಎಂದಿದ್ದರೆ ಅದು ಹಕ್ಕಿನ ತಡೆ. ಹೆಸರು ತೀರ ಉದ್ದವಾಗಿದೆ ಎಂದೋ, ಕಣ್ಣೆದುರೇ ಇರುವ ಫೈಲ್ ‘ಇಲ್ಲಿ ಸಿಗುತ್ತಿಲ್ಲ’ ಎಂದೋ ಬಂದರೆ ತೊಡಕು ಹೆಸರಿನಲ್ಲಿದೆ. ಫೈಲ್ ಕೆಟ್ಟಿದೆ, ಓದಲಾಗುತ್ತಿಲ್ಲ ಎಂದರೆ ಡಿಸ್ಕಿನ ಲೆಕ್ಕಪತ್ರವೇ ಹಾಳಾಗಿದೆ. ಡಿಸ್ಕ್ ರೈಟ್ ಪ್ರೊಟೆಕ್ಟೆಡ್ ಎಂದರೆ ಫೈಲಿನ ತಪ್ಪೇನೂ ಇಲ್ಲ. ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡನ್ನೇ ಪರೀಕ್ಷಿಸಬೇಕು. ಯಾವ ದಾರಿ ಹಿಡಿಯುವ ಮೊದಲೂ ಫೈಲ್ ನಿಜಕ್ಕೂ ಬೇಡವೇ ಎಂಬುದನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪೆನ್‌ಡ್ರೈವ್‌ನಿಂದ ಅಥವಾ ಬೇರೆ ಕಂಪ್ಯೂಟರಿನ ಹಂಚಿಕೆಯ ಫೋಲ್ಡರಿನಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಮಾಯವಾಗುತ್ತದೆ.

ಯಾರೋ ತೆರೆದಿಟ್ಟಿರುವ ಫೈಲ್

ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದು ಈ ಬಗೆ. ಒಂದು ತಂತ್ರಾಂಶ ಫೈಲನ್ನು ತೆರೆಯುವಾಗ, ತಾನು ಮುಚ್ಚುವವರೆಗೆ ಅದನ್ನು ಬೇರೆಯವರು ಅಳಿಸಬಹುದೇ ಬೇಡವೇ ಎಂಬುದನ್ನು ವಿಂಡೋಸ್‌ಗೆ ತಿಳಿಸಿರುತ್ತದೆ. ಬೇಡ ಎಂದಿದ್ದರೆ ವಿಂಡೋಸ್ ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಹಾಗಾಗಿ ಇಲ್ಲಿ ಹಿಡಿದಿರುವವರು ಯಾರು ಎಂದು ಪತ್ತೆ ಹಚ್ಚಿದರೆ ಕೆಲಸ ಮುಕ್ಕಾಲು ಮುಗಿದಂತೆ.

ಸಂದೇಶದಲ್ಲಿ ಹೆಸರು ಬಂದರೂ ಕೆಲವೊಮ್ಮೆ ಅರ್ಥವಾಗುವುದಿಲ್ಲ. ಹೋಂಸ್ಟೇಯ ಜಾಹೀರಾತಿಗಾಗಿ ತೆಗೆದ ಡ್ರೋನ್ ವಿಡಿಯೋ ಒಂದನ್ನು ಅಳಿಸಲು ಹೋದಾಗ ಅದು ‘ಕಾಮ್ ಸರೊಗೇಟ್’ನಲ್ಲಿ ತೆರೆದಿದೆ ಎಂಬ ಸಂದೇಶ ಬಂದರೆ, ಅಂಥ ಹೆಸರಿನ ತಂತ್ರಾಂಶವನ್ನು ತಾವು ಎಂದೂ ತೆರೆದಿಲ್ಲವಲ್ಲ ಎಂದು ಜನ ವೈರಸ್ಸಿನ ಭಯ ಪಡುತ್ತಾರೆ. ಅದು ಸಾಮಾನ್ಯವಾಗಿ ವಿಂಡೋಸ್‌ನದೇ ಸಹಾಯಕ. ಫೋಲ್ಡರಿನಲ್ಲಿ ವಿಡಿಯೋದ ಪುಟ್ಟ ಚಿತ್ರವನ್ನು ತೋರಿಸಲು ಫೈಲನ್ನು ತೆರೆದು, ವಿಡಿಯೋ ದೊಡ್ಡದಾಗಿದ್ದರೆ ಅಥವಾ ಕೆಟ್ಟಿದ್ದರೆ ಅಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಆಲ್ಟ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಪ್ರಿವ್ಯೂ ಪಟ್ಟಿಯನ್ನು ಮುಚ್ಚಿ, ಚಿತ್ರಗಳ ಬದಲು ವಿವರಗಳ ಪಟ್ಟಿ ಕಾಣುವಂತೆ ನೋಟವನ್ನು ಬದಲಿಸಿ, ತುಸು ಕಾದು ಅಳಿಸಿದರೆ ಬಹುತೇಕ ಹೋಗುತ್ತದೆ. ಇದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ.

ಇನ್ನೊಂದು ಪ್ರಸಂಗ ತೋಟದ ಕಚೇರಿಗಳದು. ರೈಟರ (ತೋಟದ ಗುಮಾಸ್ತರ) ಕಂಪ್ಯೂಟರಿನಲ್ಲಿರುವ ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪಟ್ಟಿ) ಅಥವಾ ಇಂಚು, ಸೆಂಟುಗಳಲ್ಲಿ ಮಳೆಯನ್ನು ಬರೆದಿಡುವ ಎಕ್ಸೆಲ್ ಫೈಲನ್ನು ಒಳಮನೆಯ ಇನ್ನೊಂದು ಕಂಪ್ಯೂಟರಿನಿಂದಲೂ ನೋಡುವಂತೆ ಹಂಚಿಕೊಂಡಿರುತ್ತಾರೆ. ಅದರ ಹಳೆಯ ಪ್ರತಿಯನ್ನು ಅಳಿಸಲು ರೈಟರು ಹೋದಾಗ ಅದು ‘ಸಿಸ್ಟಮ್’ನಲ್ಲಿ ತೆರೆದಿದೆ ಎಂಬ ಉತ್ತರ ಬರುತ್ತದೆ. ಇಂಥ ಕಡೆ ‘ಸಿಸ್ಟಮ್’ ಎಂದರೆ ಜಾಲದ ಆಚೆ ಬದಿಯಲ್ಲಿ ಯಾರೋ ಅದನ್ನು ತೆರೆದಿದ್ದಾರೆ ಎಂದೇ ಮೊದಲು ಊಹಿಸಬೇಕು. ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ಎಂಬ ವಿಂಡೋಸ್‌ನದೇ ಕಿಟಕಿಯಲ್ಲಿ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಓಪನ್ ಫೈಲ್ಸ್ ತೆರೆದರೆ ಯಾವ ಬಳಕೆದಾರರು ಯಾವ ಫೈಲ್ ಹಿಡಿದಿದ್ದಾರೆ ಎಂಬ ಪಟ್ಟಿ ಕಾಣುತ್ತದೆ. ಅಲ್ಲಿಂದಲೇ ಬಲವಂತವಾಗಿ ಮುಚ್ಚಲು ಸಾಧ್ಯವಿದ್ದರೂ ಹಾಗೆ ಮಾಡಬಾರದು. ಒಳಮನೆಯಲ್ಲಿ ಯಾರೋ ಆ ಹೊತ್ತಿನಲ್ಲಿ ಅಂಕಿಗಳನ್ನು ತುಂಬುತ್ತಿರಬಹುದು. ಕೂಗಿ ಕೇಳಿ, ಉಳಿಸಿ ಮುಚ್ಚಿಸಿ, ಆಮೇಲೆ ಅಳಿಸಬೇಕು.

ಸಂದೇಶದಲ್ಲಿ ಹೆಸರೇ ಇಲ್ಲದೆ ‘ಬೇರೊಂದು ತಂತ್ರಾಂಶ’ ಎಂದಷ್ಟೇ ಇದ್ದಾಗ ಪತ್ತೆಗೆ ನಾಲ್ಕು ಸಾಧನಗಳಿವೆ. ಮೊದಲನೆಯದು ವಿಂಡೋಸ್ 7ರಿಂದ ಈಚೆಗೆ ಪ್ರತಿ ಕಂಪ್ಯೂಟರಿನಲ್ಲೂ ಇರುವ ರಿಸೋರ್ಸ್ ಮಾನಿಟರ್. ಅದರ ಸಿಪಿಯು ವಿಭಾಗದಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬಲ್ಲಿ ಫೈಲಿನ ಹೆಸರಿನ ಒಂದು ತುಂಡನ್ನು ಬರೆದರೆ, ಹಿಡಿದಿರುವ ತಂತ್ರಾಂಶ ಕಾಣುತ್ತದೆ. ನೋಡಲು ಗೊಂದಲಮಯವಾಗಿದ್ದರೂ ಇಳಿಸಿಕೊಳ್ಳುವುದಕ್ಕೆ ಏನೂ ಇಲ್ಲ, ಅದಕ್ಕಾಗಿಯೇ ಇದನ್ನು ಮೊದಲು ಇಟ್ಟಿದ್ದೇನೆ. ಎರಡನೆಯದು ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್‌ಗೆ 2022ರಲ್ಲಿ ಸೇರಿದ ಫೈಲ್ ಲಾಕ್‌ಸ್ಮಿತ್. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ ಸಾಕು, ಹಿಡಿದಿರುವವರ ಪಟ್ಟಿ ಎದುರಿಗಿರುತ್ತದೆ. ಬಳಕೆಗೆ ಇದಕ್ಕಿಂತ ಸುಲಭವಾದದ್ದಿಲ್ಲ. ಆದರೆ ಇದೊಂದಕ್ಕಾಗಿ ಕೆಲವು ನೂರು ಎಂಬಿಯ ಪವರ್‌ಟಾಯ್ಸ್ ಗುಂಪನ್ನೇ ಇಳಿಸಿಕೊಳ್ಳಬೇಕು. ಮಡಿಕೇರಿಯಲ್ಲಿ ಫೈಬರ್ ಸಂಪರ್ಕ ಇರುವವರಿಗೆ ಇದೇ ಸರಿ.

ಮೂರನೆಯದು ಪ್ರೊಸೆಸ್ ಎಕ್ಸ್‌ಪ್ಲೋರರ್. ಮಾರ್ಕ್ ರುಸ್ಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಆರಂಭಿಸಿದ, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಇದೂ ಒಂದು. ಕೆಲವೇ ಎಂಬಿ ಗಾತ್ರ, ಸ್ಥಾಪಿಸುವ ಅಗತ್ಯವಿಲ್ಲ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಊರೂರು ಒಯ್ಯಬಹುದು. ಹತ್ತಾರು ಜನರ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ನಾನು ಸೂಚಿಸುವುದು ಇದನ್ನೇ. ಆದರೆ ಇದರಲ್ಲಿ ತಂತ್ರಾಂಶವನ್ನು ಮುಚ್ಚದೆ ಅದರ ಕೈಯಲ್ಲಿರುವ ಫೈಲನ್ನು ಮಾತ್ರ ಕಸಿದು ಮುಚ್ಚುವ ಅವಕಾಶವೂ ಇದೆ. ಆ ತಂತ್ರಾಂಶ ದಿಕ್ಕು ತಪ್ಪಿ ನಿಲ್ಲಬಹುದು, ಬೇರೆ ದತ್ತಾಂಶವನ್ನೂ ಕೆಡಿಸಬಹುದು. ಆ ಗುಂಡಿಯನ್ನು ಮುಟ್ಟದೆ ಪತ್ತೆಗೆ ಮಾತ್ರ ಇದನ್ನು ಬಳಸುವುದು ಕ್ಷೇಮ.

ನಾಲ್ಕನೆಯದು ಲಾಕ್‌ಹಂಟರ್. ಹೊರಗಿನ ತಯಾರಿಕೆಯಾದರೂ ಎರಡು ಗುಣಗಳಿಂದ ಅದನ್ನು ಸೇರಿಸಿದ್ದೇನೆ: ಅಳಿಸಿದ್ದನ್ನು ರೀಸೈಕಲ್ ಬಿನ್‌ಗೆ ಕಳಿಸುತ್ತದೆ, ಮುಂದಿನ ರೀಸ್ಟಾರ್ಟ್‌ನ ವೇಳೆ ಅಳಿಸಲು ಗುರುತು ಹಾಕಿಡುತ್ತದೆ. ಹೀಗೆ ಗುರುತು ಹಾಕಿದ ಫೈಲನ್ನು ವಿಂಡೋಸ್ ಮುಂದಿನ ಸಲ ಏಳುವಾಗ, ಬೇರೆ ತಂತ್ರಾಂಶಗಳು ಅದನ್ನು ಹಿಡಿಯುವ ಮೊದಲೇ ತೆಗೆದುಹಾಕುತ್ತದೆ. ಇಂಥ ಸಾಧನಗಳನ್ನು ತಯಾರಕರ ಮೂಲ ತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು, ಏಕೆಂದರೆ ಇವುಗಳ ಹೆಸರಿನಲ್ಲಿ ಬೇಡದ ತಂತ್ರಾಂಶಗಳನ್ನು ಅಂಟಿಸಿ ಹಂಚುವ ತಾಣಗಳು ಬೇಕಾದಷ್ಟಿವೆ.

ಫೈಲ್ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್‌ಗೆ ಜೋಡಿಸಿದ ಫೋಲ್ಡರಿನಲ್ಲಿದ್ದರೆ ಸಿಂಕ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅಳಿಸಿದರೆ ಸಾಕಾಗುತ್ತದೆ. ಸಿಂಕ್ ಮತ್ತೆ ಶುರುವಾದಾಗ ಫೋನಿನಿಂದಲೂ ಆ ಫೈಲ್ ಹೋಗುತ್ತದೆ ಎಂಬುದು ನೆನಪಿರಬೇಕು.

ಡಿಟಿಪಿ ಅಂಗಡಿಯವರಿಗೆ ಒಂದು ಮಾತು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್ ಅಳಿಯದಿದ್ದರೆ ಫಾಂಟ್ಸ್ ಫೋಲ್ಡರಿನಲ್ಲಿ ಹೆಣಗುವ ಬದಲು ಪುಟವಿನ್ಯಾಸದ ತಂತ್ರಾಂಶಗಳನ್ನೆಲ್ಲ ಮುಚ್ಚಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಬೇರೇನನ್ನೂ ತೆರೆಯುವ ಮೊದಲೇ ಸೆಟ್ಟಿಂಗ್ಸ್‌ನ ಫಾಂಟ್ಸ್ ಪುಟದಿಂದ ಅನ್‌ಇನ್‌ಸ್ಟಾಲ್ ಮಾಡಬೇಕು.

ರೀಸ್ಟಾರ್ಟ್, ಶಟ್‌ಡೌನ್, ಸೇಫ್ ಮೋಡ್

ಪತ್ತೆ ಕೆಲಸದ ಗೋಜೇ ಬೇಡ ಎನ್ನುವವರಿಗೆ ರೀಸ್ಟಾರ್ಟ್ ಉತ್ತಮ ದಾರಿ. ಇಲ್ಲಿ ರೀಸ್ಟಾರ್ಟ್ ಎಂದರೆ ರೀಸ್ಟಾರ್ಟೇ, ಶಟ್‌ಡೌನ್ ಅಲ್ಲ. ವಿಂಡೋಸ್ 8ರಿಂದ, ಎಂದರೆ 2012ರಿಂದ ಈಚೆಗೆ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಚಾಲೂ ಇರುತ್ತದೆ. ಶಟ್‌ಡೌನ್ ಒತ್ತಿದಾಗ ಬಳಕೆದಾರರ ತಂತ್ರಾಂಶಗಳು ಮುಚ್ಚುತ್ತವೆಯಾದರೂ ವಿಂಡೋಸ್‌ನ ಒಳತಿರುಳು ಮತ್ತು ಡ್ರೈವರ್‌ಗಳ (ಪ್ರಿಂಟರಿನಂಥ ಭಾಗಗಳನ್ನು ನಡೆಸುವ ಒಳ ತಂತ್ರಾಂಶಗಳ) ಸ್ಥಿತಿ ಡಿಸ್ಕಿಗೆ ಬರೆದಿಡಲ್ಪಟ್ಟು, ಮರುದಿನ ಅದೇ ಸ್ಥಿತಿಯಿಂದ ಮುಂದುವರಿಯುತ್ತದೆ. ಪ್ರಿಂಟರ್ ಅಥವಾ ಆಂಟಿವೈರಸ್‌ನ ಡ್ರೈವರ್ ಹಿಡಿದಿರುವ ಫೈಲ್ ದಿನವೂ ಶಟ್‌ಡೌನ್ ಮಾಡಿದರೂ ಬಿಡುಗಡೆಯಾಗದಿರುವುದಕ್ಕೆ ಇದೇ ಕಾರಣ. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ರೀಸ್ಟಾರ್ಟ್‌ಗೂ ಜಗ್ಗದಿದ್ದರೆ ಸೇಫ್ ಮೋಡ್. ಶಿಫ್ಟ್ ಕೀಲಿ ಒತ್ತಿಕೊಂಡೇ ರೀಸ್ಟಾರ್ಟ್ ಆರಿಸಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಎಂಬ ಕ್ರಮದಲ್ಲಿ ಹೋಗಿ, ಮರಳಿ ಏಳುವಾಗ 4 ಒತ್ತಿದರೆ ತೀರ ಅಗತ್ಯವಾದ ಡ್ರೈವರ್‌ಗಳೊಂದಿಗೆ ಮಾತ್ರ ವಿಂಡೋಸ್ ತೆರೆಯುತ್ತದೆ. ಇದಕ್ಕೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಹತ್ತು ನಿಮಿಷದ ಕೆಲಸ. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣಗೊಂಡಿರುವುದರಿಂದ ಈ ಹಾದಿಯಲ್ಲಿ ಬಿಟ್‌ಲಾಕರ್ ಎಂಬ ಆ ಬೀಗದ 48 ಅಂಕಿಗಳ ಕೀಲಿಯನ್ನು ಅದು ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕೆಲಸಕ್ಕೆ ಇಳಿಯುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಬೇಕು, ಪರದೆ ಕೀಲಿ ಕೇಳುವ ಹೊತ್ತಿಗೆ ಸಿಗ್ನಲ್ ಇರುತ್ತದೆಂಬ ಭರವಸೆ ನಮ್ಮ ಕಡೆ ಇಲ್ಲ.

ಅನುಮತಿ ಬೇಕು ಎಂದಾಗ

ಇಲ್ಲಿ ಎರಡು ಸಂದರ್ಭಗಳನ್ನು ಬೇರೆ ಮಾಡಿ ನೋಡಲೇಬೇಕು. ಹಳೆಯ ಕಂಪ್ಯೂಟರಿನ ಡಿಸ್ಕನ್ನು ಹೊಸದಕ್ಕೆ ಜೋಡಿಸಿದಾಗ, ಅದರಲ್ಲಿರುವ ಫೋಲ್ಡರ್‌ಗಳ ಒಡೆತನ ಈಗ ಇಲ್ಲದ ಖಾತೆಯ ಹೆಸರಿನಲ್ಲೇ ಇರುತ್ತದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ, ಅಡ್ವಾನ್ಸ್ಡ್ ಎಂಬಲ್ಲಿಗೆ ಹೋಗಿ ಒಡೆತನವನ್ನು ತಮ್ಮ ಖಾತೆಗೆ ಬದಲಿಸಿ, ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸುವಂತೆ ಗುರುತು ಹಾಕಿ, ಆಮೇಲೆ ಪೂರ್ಣ ಹಕ್ಕನ್ನು ಕೊಟ್ಟುಕೊಂಡರೆ ಅಳಿಸಬಹುದು. ಇದು ನ್ಯಾಯವಾದ ಬಳಕೆ.

ಆದರೆ ಅನುಮತಿ ಕೊಡಬೇಕಾದವರು ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಎಂದು ಬಂದರೆ ಕೈ ಹಿಂದೆಗೆಯಬೇಕು. ಅದು ವಿಂಡೋಸ್ ತನ್ನದೇ ಫೈಲ್‌ಗಳಿಗೆ ಹಾಕಿಕೊಂಡಿರುವ ರಕ್ಷಣೆ. ಜಾಗ ಉಳಿಸುವ ಆಸೆಯಿಂದ ವಿಂಡೋಸ್ ಫೋಲ್ಡರಿನ ಒಡೆತನ ಕಿತ್ತುಕೊಂಡು ಅಳಿಸಿದವರ ಕಂಪ್ಯೂಟರ್ ಮುಂದಿನ ಅಪ್‌ಡೇಟಿನಲ್ಲಿ ನಿಂತುಹೋಗಬಹುದು. ಹಳೆಯ ಆವೃತ್ತಿಯ ವಿಂಡೋಸ್ ಉಳಿಸಿಹೋದ ಫೋಲ್ಡರ್ ಹತ್ತಾರು ಜಿಬಿ ತಿನ್ನುತ್ತಿದ್ದರೆ, ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಟೆಂಪರರಿ ಫೈಲ್ಸ್ ತೆರೆದು ಅಲ್ಲಿಂದ ತೆಗೆಸಬೇಕು. ಸುಮ್ಮನೆ ಬಿಟ್ಟರೂ ಸಾಮಾನ್ಯವಾಗಿ 10 ದಿನಗಳ ನಂತರ ವಿಂಡೋಸೇ ಅದನ್ನು ಅಳಿಸುತ್ತದೆ.

ತೊಡಕು ಹೆಸರಿನಲ್ಲೇ ಇದ್ದಾಗ

ವಿಂಡೋಸ್‌ನಲ್ಲಿ ಡ್ರೈವ್‌ನ ಅಕ್ಷರದಿಂದ ಹಿಡಿದು ಫೈಲಿನ ಹೆಸರಿನ ಕೊನೆಯವರೆಗಿನ ಇಡೀ ವಿಳಾಸಕ್ಕೆ 260 ಸಂಕೇತಗಳ ಹಳೆಯ ಮಿತಿ ಇದೆ. 2016ರ ವಿಂಡೋಸ್ 10ರ ಆವೃತ್ತಿಯಲ್ಲಿ ಈ ಮಿತಿಯನ್ನು ಸಡಿಲಿಸುವ ಏರ್ಪಾಡು ಬಂದಿತಾದರೂ ಅದು ತಾನಾಗಿ ಚಾಲೂ ಆಗುವುದಿಲ್ಲ. ಕನ್ನಡದಲ್ಲಿ ಹೆಸರಿಡುವವರು ಗಮನಿಸಬೇಕಾದ ಸಂಗತಿಯೆಂದರೆ, ಕಾಗುಣಿತದ ಗುರುತುಗಳೂ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ‘ಮಡಿಕೇರಿ’ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ 7 ಸಂಕೇತ. ‘ಶ್ರೀ’ ಒಂದೇ ಅಕ್ಷರ, ಆದರೆ 4 ಸಂಕೇತ. ಬ್ಯಾಕಪ್ ಫೋಲ್ಡರಿನೊಳಗೆ ಹಿಂದಿನ ವರ್ಷದ ಬ್ಯಾಕಪ್, ಅದರೊಳಗೆ ಅದರ ಹಿಂದಿನದು ಎಂದು ಇಡುತ್ತಾ ಹೋದವರ ಪಹಣಿ ಸ್ಕ್ಯಾನ್‌ಗಳು ಈ ಮಿತಿಯನ್ನು ದಾಟಿ, ತೆರೆಯಲೂ ಆಗದೆ ಅಳಿಸಲೂ ಆಗದೆ ಉಳಿಯುತ್ತವೆ.

ಇದಕ್ಕೆ ಅತ್ಯಂತ ಸರಳ ಉಪಾಯವೆಂದರೆ ಹೊರಗಿನ ಫೋಲ್ಡರ್‌ಗಳ ಹೆಸರನ್ನು ಒಂದೊಂದೇ ಅಕ್ಷರಕ್ಕೆ ಇಳಿಸುತ್ತಾ ಬರುವುದು. ಮಟ್ಟಗಳು ಬಹಳವಿದ್ದರೆ ಪುಟ್ಟ ಗಾತ್ರದ ಸೆವೆನ್‌ಜಿಪ್‌ನ ಫೈಲ್ ಮ್ಯಾನೇಜರ್ ಉತ್ತಮ, ಏಕೆಂದರೆ ಅದು ಆ ಹಳೆಯ ಮಿತಿಗೆ ಒಳಪಡದ ರೀತಿಯಲ್ಲಿ ವಿಳಾಸವನ್ನು ಓದುತ್ತದೆ. ಹೆಸರಿನ ಕೊನೆಯಲ್ಲಿ ಚುಕ್ಕೆಯೋ ಖಾಲಿ ಜಾಗವೋ ಉಳಿದು ‘ಸಿಗುತ್ತಿಲ್ಲ’ ಎನ್ನುವ ಫೈಲ್‌ಗಳಿಗೂ ಇದು ಬಹಳ ಸಲ ಕೆಲಸಕ್ಕೆ ಬರುತ್ತದೆ. ಫೈಲ್‌ಗಳನ್ನು ನಕಲು ಮಾಡುವ ವಿಂಡೋಸ್‌ನ ರೋಬೊಕಾಪಿ ಆಜ್ಞೆಯಿಂದ ಖಾಲಿ ಫೋಲ್ಡರನ್ನು ಪ್ರತಿಬಿಂಬಿಸಿ ಅಳಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಅದು ಪರಿಣಾಮಕಾರಿಯೇ, ಆದರೆ ಮೂಲ ಯಾವುದು, ಗುರಿ ಯಾವುದು ಎಂಬಲ್ಲಿ ಗುರಿಯ ವಿಳಾಸ ತಪ್ಪಿದರೆ ಬೇಕಾದ ಫೋಲ್ಡರೇ ಖಾಲಿಯಾಗುತ್ತದೆ. ಆಜ್ಞೆಗಳ ರೂಢಿ ಇಲ್ಲದವರಿಗೆ ನಾನಿದನ್ನು ಸೂಚಿಸಲಾರೆ.

ಕರೆಂಟ್ ಹೋಗಿ ಕೆಟ್ಟ ಡಿಸ್ಕ್

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅಥವಾ ಪೆನ್‌ಡ್ರೈವ್ ಎಳೆದುಬಿಟ್ಟರೆ, ಯಾವ ಫೈಲ್ ಎಲ್ಲಿದೆ ಎಂಬ ಡಿಸ್ಕಿನ ಪಟ್ಟಿ ಅರೆಬರೆಯಾಗಿ ನಿಲ್ಲುತ್ತದೆ. ಒಳಗಿನ ಡಿಸ್ಕಿನ ಎನ್‌ಟಿಎಫ್‌ಎಸ್ ಪದ್ಧತಿ ಬದಲಾವಣೆಗಳನ್ನು ಮುಂಚಿತವಾಗಿ ದಾಖಲಿಸಿಕೊಳ್ಳುವುದರಿಂದ ಬಹುತೇಕ ಚೇತರಿಸಿಕೊಳ್ಳುತ್ತದೆ. ಪೆನ್‌ಡ್ರೈವ್‌ಗಳ ಫ್ಯಾಟ್32ಗೆ ಆ ದಾಖಲೆ ಇಲ್ಲ. ಅಲ್ಲಿ ಯಾವ ಭಾಷೆಯದೂ ಅಲ್ಲದ ಚಿಹ್ನೆಗಳ ಹೆಸರು ಹೊತ್ತ, ಡ್ರೈವ್‌ಗಿಂತ ದೊಡ್ಡ ಗಾತ್ರ ತೋರಿಸುವ ಫೈಲ್‌ಗಳು ಕಾಣಿಸಿಕೊಳ್ಳುತ್ತವೆ. ಇವನ್ನು ಯಾರೂ ಹಿಡಿದಿಲ್ಲ, ಹಾಗಾಗಿ ಮೇಲಿನ ನಾಲ್ಕು ಸಾಧನಗಳಲ್ಲಿ ಒಂದೂ ಇಲ್ಲಿ ಉಪಯೋಗಕ್ಕೆ ಬಾರದು.

ಬೇಕಾದುದು ಆ ಪಟ್ಟಿಯನ್ನು ಪರೀಕ್ಷಿಸಿ ಸರಿಪಡಿಸುವ, ವಿಂಡೋಸ್‌ನದೇ ಚೆಕ್‌ಡಿಸ್ಕ್. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್, ಅಲ್ಲಿ ಚೆಕ್ ಒತ್ತಿದರೆ ಆಜ್ಞೆ ಬರೆಯದೆಯೇ ಇದನ್ನು ನಡೆಸಬಹುದು. ಪಟ್ಟಿಯನ್ನು ಮಾತ್ರ ಸರಿಪಡಿಸುವ ಸಾಮಾನ್ಯ ದುರಸ್ತಿ ಬೇಗ ಮುಗಿಯುತ್ತದೆ. ಡಿಸ್ಕಿನ ಪ್ರತಿ ಭಾಗವನ್ನೂ ಓದಿ ನೋಡುವ ಆಳವಾದ ಪರೀಕ್ಷೆ ದೊಡ್ಡ ಡಿಸ್ಕಿನಲ್ಲಿ ಇಡೀ ರಾತ್ರಿ ನಡೆಯಬಹುದು. ಜುಲೈ ತಿಂಗಳ ಗಾಳಿಮಳೆಯಲ್ಲಿ ಡೆಸ್ಕ್‌ಟಾಪಿನ ಮೇಲೆ ಈ ಎರಡನೆಯದನ್ನು ಶುರು ಮಾಡಬಾರದು, ಸಣ್ಣ ಯುಪಿಎಸ್ ಅಷ್ಟು ಹೊತ್ತು ನಿಲ್ಲುವುದಿಲ್ಲ. ಪೆನ್‌ಡ್ರೈವ್ ಆದರೆ ಬ್ಯಾಟರಿ ತುಂಬಿದ ಲ್ಯಾಪ್‌ಟಾಪಿಗೆ ಚುಚ್ಚಿ ಸರಿಪಡಿಸುವುದು ಮೇಲು. ದುರಸ್ತಿ ಆದ ಮೇಲೆ ಫೌಂಡ್ ಎಂಬ ಹೆಸರಿನ ಗುಪ್ತ ಫೋಲ್ಡರಿನಲ್ಲಿ ತುಣುಕುಗಳು ಉಳಿದಿರಬಹುದು, ಅವುಗಳನ್ನು ನೋಡಿ ಅಳಿಸಬಹುದು. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಚೆಕ್‌ಡಿಸ್ಕ್ ಕೂಡ ಬೇಡ. ಅಂಥ ಡಿಸ್ಕಿನಿಂದ ಮೊದಲು ಬೇಕಾದುದನ್ನು ಹೊರತೆಗೆಯಬೇಕು: 2018ರ ಆಗಸ್ಟ್‌ನ ಭೂಕುಸಿತದ ವೇಳೆ ತೆಗೆದ ಮನೆ, ತೋಟಗಳ ಚಿತ್ರಗಳು ಇಂದಿಗೂ ಒಂದೇ ಡಿಸ್ಕಿನಲ್ಲಿ ಇರುವ ಮನೆಗಳವರು ಇದನ್ನು ದಯವಿಟ್ಟು ಗಮನಿಸಬೇಕು. ಅದೇ ಕಾರಣಕ್ಕೆ, ಒಂದು ಫೈಲ್ ಅಳಿಯಲಿಲ್ಲವೆಂದು ಇಡೀ ಡ್ರೈವ್ ಫಾರ್ಮ್ಯಾಟ್ ಮಾಡಿಬಿಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಲಿನಕ್ಸ್ ಪೆನ್‌ಡ್ರೈವ್

ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ವಿಂಡೋಸ್ ಡಿಸ್ಕನ್ನು ತೆರೆದರೆ, ವಿಂಡೋಸ್ ಮಲಗಿರುವುದರಿಂದ ಫೈಲನ್ನು ಹಿಡಿದಿರುವವರೇ ಇರುವುದಿಲ್ಲ. ವಿಂಡೋಸ್‌ನ ಅನುಮತಿಗಳೂ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಇಷ್ಟು ಬಲವಿದ್ದರೂ ನಾನಿದನ್ನು ಕೊನೆಗೆ ಇಡುತ್ತೇನೆ. 5 ಜಿಬಿಗೂ ಹೆಚ್ಚು ಇಳಿಸಿಕೊಳ್ಳಬೇಕು. ಫಾಸ್ಟ್ ಸ್ಟಾರ್ಟ್‌ಅಪ್ ಇದ್ದಾಗ ಶಟ್‌ಡೌನ್ ಮಾಡಿದ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ಬಿಟ್‌ಲಾಕರ್ ಇದ್ದರೆ ಇಲ್ಲಿಯೂ ಆ ಕೀಲಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಡೆಯೇ ಇಲ್ಲದ ಜಾಗದಲ್ಲಿ ಬೇಕಾದ ಫೈಲೂ ಅಷ್ಟೇ ಸುಲಭವಾಗಿ ಹೋಗುತ್ತದೆ.

ಮರಳಿ ಬರುವ ಫೈಲ್, ಬರೆಯಲು ಬಿಡದ ಪೆನ್‌ಡ್ರೈವ್

ಅಳಿಸಿದ ಶಾರ್ಟ್‌ಕಟ್ ಫೈಲ್‌ಗಳು ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಮತ್ತೆ ಹುಟ್ಟುತ್ತಿದ್ದರೆ ಅದು ವೈರಸ್. ಜೆರಾಕ್ಸ್ ಅಂಗಡಿಗಳ ಕಂಪ್ಯೂಟರಿನಲ್ಲಿ ಹತ್ತಾರು ಜನರ ಪೆನ್‌ಡ್ರೈವ್‌ಗಳು ಸೇರುವುದರಿಂದ ಇದು ಬೇಗ ಹರಡುತ್ತದೆ. ಅಲ್ಲಿ ಅಳಿಸುವುದನ್ನು ನಿಲ್ಲಿಸಿ, ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ವೈರಸ್‌ಗೆ ತಲೆಮರೆಸಿಕೊಳ್ಳಲು ಅವಕಾಶ ಕಡಿಮೆ. ಮೂಲ ಫೈಲ್‌ಗಳು ಹೆಚ್ಚಾಗಿ ಅಡಗಿಸಲ್ಪಟ್ಟಿರುತ್ತವೆಯೇ ಹೊರತು ಹೋಗಿರುವುದಿಲ್ಲ.

ರೈಟ್ ಪ್ರೊಟೆಕ್ಟೆಡ್ ಎಂದು ಬಂದರೆ ಮೊದಲು ಕ್ಯಾಮೆರಾ ಕಾರ್ಡಿನ ಬದಿಯಲ್ಲಿರುವ ಪುಟ್ಟ ಬೀಗದ ಗುಂಡಿಯನ್ನು ನೋಡಬೇಕು. ಗುಂಡಿ ಇಲ್ಲದ ಪೆನ್‌ಡ್ರೈವ್ ಒಮ್ಮೆಲೇ ಹೀಗೆ ಹೇಳತೊಡಗಿ, ಬೇರೆ ಕಂಪ್ಯೂಟರಿನಲ್ಲೂ ಅದೇ ಉತ್ತರ ಕೊಟ್ಟರೆ, ಅದರ ಮೆಮೊರಿ ಸವೆದು ನಿಯಂತ್ರಕವೇ ಬರೆಯುವುದನ್ನು ನಿಲ್ಲಿಸಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಯಾವ ತಂತ್ರಾಂಶವೂ ಮದ್ದಲ್ಲ. ಒಳಗಿರುವುದನ್ನು ಓದಲು ಆಗುತ್ತಿರುವಾಗಲೇ ನಕಲು ಮಾಡಿಕೊಂಡು, ಕಾರ್ಮಿಕರ ಬ್ಯಾಂಕ್ ಖಾತೆಯ ವಿವರಗಳೋ ಅತಿಥಿಗಳ ಆಧಾರ್ ಪ್ರತಿಗಳೋ ಅದರಲ್ಲಿ ಇದ್ದರೆ ಯಾರಿಗೂ ಕೊಡದೆ, ಕಸಕ್ಕೂ ಎಸೆಯದೆ, ಕವಚ ಬಿಚ್ಚಿ ಒಳಗಿನ ಕಪ್ಪು ಚಿಪ್ಪನ್ನೇ ಒಡೆದುಹಾಕಬೇಕು.